ಮೆಟ್ಟಿಲ ಮೇಲೆ ಮಲಗಿದ ಸಿಪಾಯಿ

ಕೋವಿಡ್ ಮುಗಿದ ಮರುವರ್ಷ ನಾನು ಪುಣೆಯ ಸಂಸ್ಥೆಯೊಂದರಲ್ಲಿ ಪುನರ್ವಸತಿ ಅಧಿಕಾರಿಯಾಗಿದ್ದೆ. ಬೀದಿಗೆ ಬಿದ್ದ ಮಾಜಿ ಸೈನಿಕರಿಗೆ ಮನೆ ಹುಡುಕಿಕೊಡುವುದು ನನ್ನ ಕೆಲಸ. ಭಾಷಣದಲ್ಲಿ ಸೈನಿಕರಿಗೆ ಕೈಮುಗಿಯುವವರೇ ಬಾಡಿಗೆಗೆ ಮನೆ ಕೇಳಿದರೆ ಬಾಗಿಲು ಹಾಕಿಕೊಳ್ಳುತ್ತಾರೆಂದು ಮೊದಲ ವಾರದಲ್ಲೇ ಕಲಿತೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಯಾದಗಿರಿ ಕಡೆಯ ಭೀಮಣ್ಣ ಸಿಪಾಯಿಯಾಗಿದ್ದವರು. ಪಿಂಚಣಿಗೆ ಬೇಕಾದಷ್ಟು ವರ್ಷ ತುಂಬುವ ಮೊದಲೇ ಸೇನೆ ಬಿಟ್ಟಿದ್ದರು. ಆಮೇಲೆ ಕಟ್ಟುತ್ತಿದ್ದ ಕಟ್ಟಡವೊಂದಕ್ಕೆ ವಾಚ್‌ಮನ್ ಆದರು. ಕಟ್ಟಡ ಮುಗಿದೊಡನೆ ಅವರು ಮಲಗುತ್ತಿದ್ದ ತಗಡಿನ ಶೆಡ್ ಕಿತ್ತರು, ಇವರು ಪುಣೆಯ ಕ್ಯಾಂಪ್ ಪೇಟೆಯ ಅಂಗಡಿ ಜಗಲಿಗೆ ಬಂದರು. ಬೆಳಗಾವಿ ಕಡೆಯ ಸುಬೇದಾರ್ ಪಾಟೀಲರು ಕುಡಿತದಲ್ಲಿ ಮನೆ, ಸಂಸಾರ ಎರಡನ್ನೂ ಕಳೆದುಕೊಂಡು, ಈಗ ಕುಡಿತ ಬಿಟ್ಟಿದ್ದರು. ಇಬ್ಬರೂ ಕನ್ನಡದವರು, ಜೊತೆಗಿರಲಿ ಎಂದು ಪುಣೆಯ ಕೊಂಢವಾ ಬಡಾವಣೆಯಲ್ಲಿ ಒಂದು ಕೋಣೆಯ ಮನೆ ಹಿಡಿದೆ. ಪಿಂಚಣಿಯಿದ್ದ ಸುಬೇದಾರರ ಹೆಸರಿಗೆ ಬಾಡಿಗೆ ಕರಾರಾಯಿತು.

ವಾರದೊಳಗೆ ಮನೆ ಮಾಲೀಕರ ಫೋನು ಬಂತು. ಅವರು ಮಂಗಳೂರು ಕಡೆಯ ಹೋಟೆಲಿನವರು.

"ಎಂತ ಮೇಡಂ ಇದು? ಆ ಭೀಮಣ್ಣ ದಿನಾ ಮೆಟ್ಟಿಲ ಮೇಲೆ ಮಲಗುದು. ಬಿಲ್ಡಿಂಗಿನವರು ನನ್ನನ್ನು ಬಿಡ್ತಾ ಇಲ್ಲ. ಇಬ್ಬರನ್ನೂ ಖಾಲಿ ಮಾಡಿಸಿ."

"ಒಬ್ಬರೂ ಖಾಲಿ ಮಾಡುವುದಿಲ್ಲ," ಎಂದು ಹೇಳಿ ಕೊಂಢವಾಕ್ಕೆ ಓಡಿದೆ.

ಭೀಮಣ್ಣ ಬಾಗಿಲ ಹೊರಗೆ ನಿಂತೇ ಮಾತಾಡಿದರು. "ಸಾಹೇಬ್ರ ಕ್ವಾರ್ಟರ್ಸ್‌ನ್ಯಾಗ ಸಿಪಾಯಿ ಹೆಂಗ ಮಲಗ್ತಾನ್ರಿ ಮೇಡಂ?"

"ಒಳಗ ಮಲಗು ಅಂತ ಆರ್ಡರ್ ಮಾಡೇನಿ," ಸುಬೇದಾರರು ಗೊಣಗಿದರು. "ಕೇಳವಲ್ಲ."

"ನೌಕರಿ ಮುಗದದ ಸಾಹೇಬ್ರ. ಈಗ ಆರ್ಡರ್ ನಡ್ಯಂಗಿಲ್ಲ."

ಸೇನೆಯಲ್ಲಿ ಸುಬೇದಾರ್ ಮತ್ತು ಸಿಪಾಯಿ ಒಂದೇ ಕೋಣೆಯಲ್ಲಿ ಮಲಗುವವರಲ್ಲ. ಭಾಷೆ ನೋಡಿ ಜೋಡಿ ಮಾಡಿದ ನಮಗೆ ಅದು ಹೊಳೆದಿರಲಿಲ್ಲ. ಮನೆ ಸಾಹೇಬರದೆಂಬುದೇ ತೊಡಕಾದರೆ ಭೀಮಣ್ಣನವರದೇ ಆಗಲಿ, ಕರಾರು ಅವರ ಹೆಸರಿಗೆ ಬದಲಿಸಿ ಎಂದು ಮಾಲೀಕರಲ್ಲಿ ಪಟ್ಟುಹಿಡಿದೆ.

"ಪಿಂಚಣಿ ಇಲ್ಲದವರ ಹೆಸರಿಗಾ? ಜಾಮೀನು ಯಾರು?"

"ನಾನು."

ನೌಕರರು ಜಾಮೀನು ನಿಲ್ಲುವಂತಿಲ್ಲ ಎಂದು ಮೇಲಧಿಕಾರಿ ನಿಯಮ ತೋರಿಸಿದರು. ನಿಯಮವನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಹೋಗಿ ಸಹಿ ಹಾಕಿದೆ.

ಅಂದು ಸಂಜೆ ನಾನು ಹೊಸ ಕರಾರು ತಂದು ತೋರಿಸಿದೊಡನೆ ಸುಬೇದಾರರು ತಮ್ಮ ಟ್ರಂಕ್ ಎತ್ತಿಕೊಂಡು ಹೊರನಡೆದರು. ಭೀಮಣ್ಣನವರನ್ನು ಒಳಗೆ ಕಳಿಸಿ, ಬಾಗಿಲೆಳೆದು, ಆಮೇಲೆ ತಟ್ಟಿದರು.

"ಭೀಮಣ್ಣ, ಇದು ನಿನ್ನ ಮನಿ. ನಾ ಒಳಗ ಬರಲೇನು?"

ಭೀಮಣ್ಣ ಬಾಗಿಲು ತೆರೆದರು. ಸೆಲ್ಯೂಟ್ ಹೊಡೆದು ಮತ್ತೆ ಹೊರಗೆ ಹೋಗಿಬಿಡುತ್ತಾರೇನೋ ಎಂದು ನನಗೆ ಭಯವಾಯಿತು. ಅವರು ಸುಬೇದಾರರ ಕಾಲು ನೋಡಿದರು.

"ಬರ್ರಿ ಸಾಹೇಬ್ರ. ಚಪ್ಪಲಿ ಹೊರಗ ಬಿಡ್ರಿ."

ಸೂರು ಕೊಟ್ಟರೆ ಕೆಲಸ ಮುಗಿಯಿತು ಎನ್ನುವವರ ಜೊತೆ ನಾನು ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಇನ್ನೊಬ್ಬರಿಗೆ ಚಪ್ಪಲಿ ಹೊರಗೆ ಬಿಡಿ ಎನ್ನುವ ಹಕ್ಕು ಸಿಗುವವರೆಗೆ ಅದು ಮನೆಯಲ್ಲ. ಈಗ ನಿವೃತ್ತಳಾಗಿದ್ದೇನೆ, ಆದರೂ ಆ ಕರಾರು ನವೀಕರಿಸುವಾಗ ಪ್ರತಿ ಸಲವೂ ಜಾಮೀನು ಸಹಿ ನನ್ನದೇ.