ಎಡಗಿವಿಯಲ್ಲಿ ಹೇಳಿದ ಮಾತು

ಗೌರಿಯ ಮದುವೆ ಮುರಿದವಳು ನಾನು. ಅದು ನನ್ನ ಬಾಯಿತಪ್ಪಿನಿಂದ ಆಯಿತೆಂದು ಮನೆಯವರು ಇಂದಿಗೂ ನಂಬಿದ್ದಾರೆ. ಬಾಯಿ ತಪ್ಪಿರಲಿಲ್ಲ. ಬೇಕೆಂದೇ ಮಾಡಿದೆ.

ಗೌರಿ ನನ್ನ ದೊಡ್ಡಪ್ಪನ ಮಗಳು, ನನ್ನ ಓರಗೆಯವಳು. ಚಿಕ್ಕಂದಿನಲ್ಲಿ ಸೋರಿ ಸೋರಿ ಅವಳ ಎಡಗಿವಿ ಪೂರ್ತಿ ಹೋಗಿತ್ತು. ಇದು ಮನೆಯವರಿಗಷ್ಟೇ ಗೊತ್ತಿದ್ದ ಮಾತು. ಬಾಗೇವಾಡಿಯ ಗಂಡಿನ ಕಡೆಯವರು ಮೊದಲು ಇಂಡಿಯ ನಮ್ಮ ಮನೆಗೆ ಬಂದು ನೋಡಿದ್ದು ನನ್ನನ್ನು. ಉಪ್ಪಿಟ್ಟು ತಿಂದು ಹೋದವರ ಸುದ್ದಿಯೇ ಬರಲಿಲ್ಲ. ಮುಂದೆ ಅವರೇ ಸಿಂದಗಿಯ ದೊಡ್ಡಪ್ಪನ ಮನೆಗೆ ಹೋಗಿ ಗೌರಿಯನ್ನು ಒಪ್ಪಿಕೊಂಡರು. ನಾನು ನಗುನಗುತ್ತಲೇ ಅವಳಿಗೆ ಸೀರೆ ಆರಿಸಿಕೊಟ್ಟೆ. ಒಳಗೆ ಮಾತ್ರ — ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಹೆಸರಿಲ್ಲ.

ಮಾತುಕತೆಯ ದಿನ ಎರಡೂ ಮನೆಯವರು ಸಿಂದಗಿಯಲ್ಲಿ ಸೇರಿದ್ದರು. ಕಿವಿಯ ವಿಷಯ ಮದುವೆ ಮುಗಿಯುವವರೆಗೆ ಬೇಡವೆಂದು ದೊಡ್ಡವ್ವ ಎಲ್ಲರಿಗೂ ತಾಕೀತು ಮಾಡಿದ್ದಳು. ಬೆಳಿಗ್ಗೆ ಗೌರಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, "ಮುಚ್ಚಿಟ್ಟು ಮದುವಿ ಆಗಾಕ ನನಗ ಮನಸ್ಸಿಲ್ಲ. ಸಂಜಿಕಿ ಅವರಿಗೆ ನಾನ ಹೇಳ್ತೇನಿ. ನೀ ನನ್ನ ಜೋಡಿ ಇರು," ಅಂದಿದ್ದಳು. ನಾನು ಇರುತ್ತೇನೆ ಅಂದಿದ್ದೆ.

ಊಟವಾದ ಮೇಲೆ ಪಡಸಾಲೆಯಲ್ಲಿ ನಮ್ಮ ಮನೆಯ ಹಳೆಯ ಆಟ ಶುರುವಾಯಿತು. ಒಬ್ಬರು ಕಿವಿಯಲ್ಲಿ ಶಬ್ದ ಹೇಳಬೇಕು, ಕೇಳಿಸಿಕೊಂಡವರು ಫರಸಿ ನೆಲದ ಮೇಲೆ ಸೀಮೆಸುಣ್ಣದ ಖಡುವಿನಿಂದ ಅದರ ಚಿತ್ರ ತೆಗೆಯಬೇಕು, ಉಳಿದವರು ಗುರುತಿಸಬೇಕು. ಶಬ್ದ ಹೇಳುವವಳು ಯಾವಾಗಲೂ ನಾನೇ. ಗೌರಿಗಾದರೆ ಬಲಗಡೆ ಹೋಗಿ ಹೇಳುತ್ತಿದ್ದೆ, ಹೊರಗಿನವರಿಗೆ ಏನೂ ತಿಳಿಯುತ್ತಿರಲಿಲ್ಲ. ಅಂದೂ ಮೊದಲ ಸಲ ಹಾಗೆಯೇ ಹೇಳಿದೆ. ಅವಳು ಎರಡೇ ಗೆರೆಯಲ್ಲಿ ನವಿಲು ತೆಗೆದಳು. ಹುಡುಗ ಅವಳ ಕೈಯನ್ನೇ ನೋಡುತ್ತ ಕುಳಿತಿದ್ದ. ಇಂಡಿಯಲ್ಲಿ ಅವನು ನನ್ನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ.

ಮುಂದಿನ ಸರದಿಗೆ ನಾನು ಎಡಗಡೆ ಹೋದೆ.

"ಕೊಡ್ಲಿ" ಎಂದು ಪಿಸುಗುಟ್ಟಿದೆ. ಅವಳ ಬಲಗಿವಿಗೆ "ಕೊಡ" ಅಂತಷ್ಟೇ ತಲುಪಿರಬೇಕು — ಸೊಂಟದ ಮೇಲೆ ಕೊಡ ಹೊತ್ತವಳನ್ನು ಚೆಂದಾಗಿ ತೆಗೆದಳು. ನಾನು ಹೇಳಿದ್ದು ಕೊಡಲಿ ಎಂದು ಗೊತ್ತಾದಾಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಅಲ್ಲಿಗೆ ಬಿಡಬಹುದಿತ್ತು. ಬಿಡಲಿಲ್ಲ. ಇನ್ನೊಂದು ಶಬ್ದವನ್ನೂ ಅದೇ ಕಿವಿಯಲ್ಲಿ, ಇನ್ನೂ ಮೆಲ್ಲಗೆ ಹೇಳಿದೆ. ಗೌರಿ ಖಡು ಹಿಡಿದು ನನ್ನನ್ನೇ ನೋಡಿದಳು. ಸಿಟ್ಟಿನಿಂದಲ್ಲ — ನಾನು ಗಡಿಬಿಡಿಯಲ್ಲಿ ಮರೆತಿದ್ದೇನೆ ಅಂದುಕೊಂಡು.

ಹುಡುಗನ ತಾಯಿ ನನ್ನ ಕಡೆ ತಿರುಗಿದರು. "ಯಾಕವಾ, ಆಕೀಗಿ ಕಿವಿ ಕೇಳೂದಿಲ್ಲೇನು?"

ಗದ್ದಲದಲ್ಲಿ ಕೇಳಿಸಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನು ಅಂದೆ: "ಎಡಗಿವಿ ಕೇಳೂದಿಲ್ರಿ. ಸಣ್ಣಾಕಿದ್ದಾಗಿಂದ."

ಅವರು ಚಹಾ ಕೂಡ ಕುಡಿಯದೆ ಎದ್ದರು. ಮೋಸ ಅನ್ನುವ ಮಾತು ಬಾಗೇವಾಡಿಯಿಂದ ಸುತ್ತಲಿನ ಊರಿಗೆಲ್ಲ ಹಬ್ಬಿತು. ಆಮೇಲೆ ಬಂದ ಒಂದೆರಡು ಕಡೆಯವರೂ ಅದನ್ನೇ ಎತ್ತಿದರು. ಕೊನೆಗೆ ಅವಳೇ ಸಾಕು ಅಂದಳು. ಈಗ ಮುದ್ದೇಬಿಹಾಳದಲ್ಲಿ ಅಣ್ಣನ ಮನೆಯಲ್ಲಿದ್ದು ಜಂಪರ್ ಹೊಲಿಯುತ್ತಾಳೆ. ನನಗೆ ಗಂಡ, ಮಕ್ಕಳು, ಮನೆ ಎಲ್ಲ ಆಯಿತು — ಯಾವುದನ್ನೂ ಅವಳೆದುರು ನೆಮ್ಮದಿಯಿಂದ ಅನುಭವಿಸಲು ನನಗೆ ಆಗಿಲ್ಲ.

ಈ ದೀಪಾವಳಿಗೆ ಅಲ್ಲಿ ಸೇರಿದ್ದೆವು. ಮಕ್ಕಳು ಅದೇ ಆಟವಾಡುತ್ತಿದ್ದರು. ಅಣ್ಣನ ಮಗಳು ಬಂದು ಬಗ್ಗಿದಾಗ ಗೌರಿ, "ಆ ಕಿವಿ ಕೇಳೂದಿಲ್ಲವಾ, ಈ ಕಡಿ ಹೇಳು," ಅಂದಳು, ಎಲ್ಲರಿಗೂ ಕೇಳುವಂತೆ. ಆಮೇಲೆ ನನ್ನ ಕಡೆ ನೋಡಿ ನಕ್ಕಳು. "ಅವತ್ತ ಇಷ್ಟ ಹೇಳಾಕ ನನಗ ಧೈರ್ಯ ಸಾಲಲಿಲ್ಲ ನೋಡು. ನೀ ಮನಸಿಗಿ ಹಚ್ಕೋಬ್ಯಾಡ. ತಪ್ಪು ನಂದ."

ನಾನು ಹೂಂ ಅಂದೆ. ಅಷ್ಟು ವರ್ಷಗಳ ಮೇಲೂ ನನ್ನ ಬಾಯಿಂದ ಬಂದದ್ದು ಅದೊಂದೇ — ಹೂಂ.

ಗೌರಿ, ನಿನಗೆ ಧೈರ್ಯವಿತ್ತು. ಸಂಜೆಯಾಗಲು ನಾನು ಬಿಡಲಿಲ್ಲ.