ನಾಯಿಯ ಆಪರೇಷನ್ನಿನ ವಿಚಾರ

ತುರ್ತು ಪರಿಸ್ಥಿತಿಯ ದಿನಗಳಲ್ಲಿ ಮಾನ್ವಿಯಲ್ಲಿ ಆಪರೇಷನ್ ಎಂದರೆ ಒಂದೇ ಅರ್ಥ: ಗಂಡಸರಿಗೆ ಮಕ್ಕಳಾಗದಂತೆ ಮಾಡುವುದು. ನಾನು ಅಲ್ಲಿ ಶಾಲಾ ಮಾಸ್ತರ. ಮಾಸ್ತರರು ಆಪರೇಷನ್ನಿಗೆ ಜನರನ್ನು, ಅಂದರೆ 'ಕೇಸು' ತರಬೇಕು. ತರದಿದ್ದರೆ ತಾವೇ ಕೇಸಾಗಬೇಕು. ಇಲ್ಲವಾದರೆ ಪಗಾರ ಬಂದ್ ಎಂದು ಮೇಲಿನವರು ಹೇಳಿದ್ದರು. ಕವಿತಾಳದವರೆಗೂ ಅಲೆದೆ. ನನ್ನನ್ನು ಕಂಡರೆ ಸಾಕು, ಗಂಡಸರು ಜೋಳದ ಹೊಲ ಹೊಕ್ಕು ಮಾಯವಾಗುತ್ತಿದ್ದರು. ನಮಗಿದ್ದದ್ದು ಒಬ್ಬಳೇ ಮಗಳು. ಹೆಂಡತಿಗೆ ಇನ್ನೊಂದು ಮಗುವಿನ ಆಸೆ, ನನಗೂ ಇತ್ತು.

ಅದೇ ವೇಳೆಗೆ ನಮ್ಮ ನಾಯಿಗೂ ಗ್ರಹಚಾರ ಕಾಡಿತು. ಹೆಣ್ಣುನಾಯಿಗಳ ಹಿಂದೆ ಓಣಿ ಓಣಿ ತಿರುಗಿ, ಕಚ್ಚಾಡಿ, ಕಿವಿ ಹರಿದುಕೊಂಡು ಬರುತ್ತಿತ್ತು. ಸರಪಳಿ ಹಾಕಿದರೆ ಊಟ ಬಿಟ್ಟು ಊಳಿಡುತ್ತಿತ್ತು. ನಾವಿದ್ದ ಬಾಡಿಗೆ ಮನೆಯ ಒಡತಿ ಒಳ್ಳೆಯ ಮುದುಕಿಯೇ, ಆದರೂ ಕೊನೆಗೆ ಬೇಸತ್ತು, "ಇದಕ್ಕ ಆಪರೇಷನ್ ಮಾಡಸ್ರಿ, ಇಲ್ಲಾಂದ್ರ ಮನಿ ಖಾಲಿ ಮಾಡ್ರಿ" ಎಂದಳು.

ದನದ ದವಾಖಾನೆಗೆ ಎಳೆದೊಯ್ದೆ. ಡಾಕ್ಟರು ನಾಯಿಯ ತಲೆ ಸವರುತ್ತ ಸಾವಕಾಶವಾಗಿ ಹೇಳಿದರು: "ನೋಡ್ರಿ ಮಾಸ್ತರ್ರ, ಮಾಡಿಸಿದ್ರ ತಿರುಗೋದು ಕಡಿಮಿ ಆಗ್ತದ, ಕಚ್ಚಾಟಾನೂ ಕಡಿಮಿ. ಆದ್ರ ಮೈ ಬರ್ತದ. ಸಿಟ್ಟಿನ ಸ್ವಭಾವ ಪೂರಾ ಹೋಗ್ತದಂತ ಹೇಳಾಕ ಬರಂಗಿಲ್ಲ. ಒಮ್ಮೆ ಮಾಡಿದ್ವಿ ಅಂದ್ರ ಮುಗೀತು, ಹೋದದ್ದು ತಿರುಗಿ ಬರಂಗಿಲ್ಲ. ಮನ್ಯಾಗ ಕೇಳ್ಕೊಂಡು ಬರೋ ವಾರ ಬರ್ರಿ."

ನನಗೆ ಮೈಯೆಲ್ಲ ಉರಿಯಿತು. ನನ್ನ ಪಾಲಿನ ಸಾಧಕ ಬಾಧಕಗಳನ್ನು ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬಾ ಎಂದೂ ಅಂದಿರಲಿಲ್ಲ.

ದಾರಿಯಲ್ಲಿ ಪಕ್ಕದ ಮನೆಯಾತ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಾಗ, ಸಿಟ್ಟಿನ ಭರದಲ್ಲಿ "ಆಪರೇಷನ್ ಕೇಳಾಕ" ಎಂದುಬಿಟ್ಟೆ. ಆತ ಸೈಕಲ್ಲಿನ ಮೇಲಿದ್ದ. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತು. ಹೆಂಡತಿ ಒಲೆಯ ಮುಂದೆ ಕೂತು ಅಳುತ್ತಿದ್ದಳು.

"ನನಗಲ್ಲಬೇ, ನಾಯಿಗೆ!" ಎಂದೆ.

ಅಳುತ್ತಲೇ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಮತ್ತ ನಿಮಗ?" ಎಂದಳು. ನಾನು ನಾಯಿಯನ್ನು ಅಂಗಳಕ್ಕೆ ಎಳೆದೊಯ್ದು ಸರಪಳಿಗೆ ಕಟ್ಟಿದೆ.

ಒಂದು ಕೇಸೂ ಸಿಗದೆ, ಸೋಮವಾರ ಆಪರೇಷನ್ನಿನವರನ್ನು ತುಂಬಿಕೊಂಡು ರಾಯಚೂರಿಗೆ ಹೊರಟ ಜೀಪು ಹತ್ತಿದೆ. ಪಟ್ಟಿ ಕಟ್ಟಿಸಿಕೊಂಡು ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು, ಆದರೆ ಯಾರ ಮೇಲೆ ತೀರಿಸಿಕೊಳ್ಳಲಿ?

ಡಾಕ್ಟರು ಹೇಳಿದ ವಾರ ಬಂತು. ನಾಯಿಯನ್ನು ಯಾರ ಕೈಲಾದರೂ ದವಾಖಾನೆಗೆ ಕಳಿಸು ಎಂದು ಮಲಗಿದಲ್ಲಿಂದಲೇ ಹೇಳಿದೆ. ಹೆಂಡತಿ ಅಂಗಳಕ್ಕೆ ಹೋಗಿ ಅದರ ಕೊರಳಿನ ಸರಪಳಿ ಬಿಚ್ಚತೊಡಗಿದಳು.

"ಮುದುಕಿ ಮನಿ ಬಿಡಸ್ತಾಳ" ಎಂದೆ.

"ಬಿಡಸಲಿ" ಎಂದು ಬಾಗಿಲು ತೆರೆದಳು. "ಹೋಗಪಾ, ನೀನರ ಹೋಗು."