ಬಲ ಶ್ವಾಸಕೋಶದ ಬಿಳಿ ಮಚ್ಚೆ

ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತೇನೆಂದು ಕುಣಿಯುತ್ತ ಹೊರಟ ನನಗೆ ಸಿಕ್ಕಿದ್ದು ಮಂಗಳೂರಿನ ಒಂದು ಆಸ್ಪತ್ರೆಯ ಎಕ್ಸ್-ರೇ ಕೋಣೆಯ ಪಕ್ಕದ ಉಗ್ರಾಣ. ಅರವತ್ತರ ದಶಕದ ಮಾತು. ಕದ್ರಿಯ ಮನೆಯಲ್ಲಿ ಅಮ್ಮನಿಗೆ ತಲೆಬಿಸಿ: "ಎಂ.ಎಸ್ಸಿ. ಮಾಡಿ ಆಸ್ಪತ್ರೆಯಲ್ಲಿ ಎಂತ ಕೆಲಸ ಮಾರಾಯ್ತಿ ನಿನಗೆ?" ನನಗೋ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಫಿಲ್ಮಿನ ಹಿಂದೆ ಒಂದು ಬಲ್ಬು, ಮುಂದೆ ಬೆಳಕನ್ನು ಅಳೆಯುವ ಸೆಲ್ಲು, ಅದಕ್ಕೊಂದು ಮುಳ್ಳಿನ ಮೀಟರು, ಎಲ್ಲ ನಾನೇ ಜೋಡಿಸಿದ್ದು. ಡಾಕ್ಟರರು ಕಣ್ಣಳತೆಯಲ್ಲಿ ಹೇಳುವ ಕಾಯಿಲೆಯನ್ನು ನಾನು ಅಂಕಿಯಲ್ಲಿ ಹೇಳಿಯೇ ತೀರಬೇಕು ಎಂಬ ಹಠ ನನ್ನದು.

ಒಂದು ದಿನ ಡಾಕ್ಟರರು ಹೊಸ ಫಿಲ್ಮೊಂದನ್ನು ಕೈಗಿಟ್ಟರು. ಕುದ್ರೋಳಿಯ ಬ್ಯಾರಿ ಮುಸಲ್ಮಾನ ವ್ಯಾಪಾರಿಯೊಬ್ಬರ ಸೊಸೆಯದು. ಮೂರು ತಿಂಗಳ ಬಾಣಂತಿ, ಬಿಡದ ಕೆಮ್ಮು. ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಬಿಳಿ ಮಚ್ಚೆ.

"ಕ್ಷಯವೇ. ನಾಳೆ ಸ್ಯಾನಟೋರಿಯಂಗೆ ಕಳಿಸ್ತೇನೆ. ಮಗು ಮನೆಯಲ್ಲೇ ಇರ್ಲಿ."

ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಮಗುವಿನ ಯೋಚನೆಯೇ ನನಗೆ ಬರಲಿಲ್ಲ. ಎಂಥ ಚಂದದ ಮಚ್ಚೆ ಎಂದುಕೊಂಡು ಉಗ್ರಾಣಕ್ಕೆ ಓಡಿದೆ.

ಮಚ್ಚೆಯ ಉದ್ದಕ್ಕೂ ಫಿಲ್ಮನ್ನು ಸರಿಸುತ್ತ ಹೋದ ಹಾಗೆ ಮುಳ್ಳು ಏರಿತು, ಇಳಿಯಿತು, ಮತ್ತೆ ಏರಿತು, ಇಳಿಯಿತು. ಅರೆ! ಸ್ಕೇಲಿಟ್ಟು ನೋಡಿದೆ. ಪ್ರತಿ ಸಲವೂ ಅಷ್ಟೇ ಅಂತರ. ಕ್ಷಯ ಎಲ್ಲಾದರೂ ಅಳತೆ ಹಿಡಿದು ಬೆಳೆಯುತ್ತದೆಯೇ? ಬಗ್ಗಿ ನೋಡುತ್ತಿದ್ದಾಗ ನನ್ನ ಜಡೆ ಜಾರಿ ಮೀಟರಿನ ಮೇಲೆ ಬಿತ್ತು. ಸಿಟ್ಟಿನಿಂದ ಅದನ್ನು ಎತ್ತಿದವಳು ಹಾಗೇ ನಿಂತೆ. ಹೆಣಿಗೆಯ ಒಂದೊಂದು ಮಡಿಕೆಗೂ ಸ್ಕೇಲು ಹಿಡಿದೆ. ಹೆಚ್ಚುಕಮ್ಮಿ ಅದೇ ಅಂತರ! ದಪ್ಪ ಜಡೆಯ ನೆರಳೂ ಫಿಲ್ಮಿನಲ್ಲಿ ಬೆಳ್ಳಗೆ ಬೀಳಬಹುದಲ್ಲ!

ಎಕ್ಸ್-ರೇ ತೆಗೆಯುವ ಹಿರಿಯರನ್ನು ಹಿಡಿದು ಕೇಳಿದೆ. "ಸರ, ಬಳೆ ಎಲ್ಲ ತೆಗೆಸಿದ್ದೇನೆ ಮಗಾ," ಎಂದರು ಅವರು. "ತಲೆಬಟ್ಟೆ ತೆಗೀರಿ ಅಂತ ಹೆಂಗಸರಿಗೆ ಹೇಗೆ ಹೇಳುವುದು? ಬಟನ್ ಒತ್ತುವಾಗಲೂ ನಾನು ಮುಖ ತಿರುಗಿಸಿಯೇ ನಿಲ್ಲುವುದು."

ಮರುದಿನ ಬೆಳಗ್ಗೆ ಆಕೆ ಟ್ರಂಕಿನ ಪಕ್ಕ ಬೆಂಚಿನಲ್ಲಿ ಕೂತು ಮಗುವಿಗೆ ಹಾಲು ಕೊಡುತ್ತಿದ್ದಳು. ಕಾರು ಬಂದಾಗಿತ್ತು.

"ಜಡೆಯಾ? ಎಂತ, ತಮಾಷೆಯಾ?" ಡಾಕ್ಟರರು ಗುಡುಗಿದರು.

"ಇನ್ನೊಂದೇ ಫಿಲ್ಮ್ ಸರ್! ತಪ್ಪಾದ್ರೆ ನನ್ನ ಮೀಟರನ್ನು ನೇತ್ರಾವತಿಗೆ ಎಸೀತೇನೆ."

ನಾನೇ ಆಕೆಯನ್ನು ಒಳಗೆ ಕರೆದೊಯ್ದು ತಲೆಬಟ್ಟೆ ಸರಿಸಿದೆ. ಎಣ್ಣೆಸ್ನಾನದ ಒದ್ದೆ ಇನ್ನೂ ಆರದ, ಮಣಿಕಟ್ಟಿನಷ್ಟು ದಪ್ಪದ ಜಡೆ ಬಲ ಹೆಗಲ ಮೇಲೆಯೇ ಇತ್ತು! ಅದನ್ನು ನೆತ್ತಿಗೆ ಎತ್ತಿ ಕಟ್ಟಿದೆ. ಫಿಲ್ಮು ತೊಳೆದು ಬರುವವರೆಗೆ ಕತ್ತಲೆ ಕೋಣೆಯ ಬಾಗಿಲು ಬಿಟ್ಟು ಕದಲಲಿಲ್ಲ. ಮಚ್ಚೆ ಇರಲಿಲ್ಲ. ನಾನು ಕಿರುಚಿದ ಸದ್ದಿಗೆ ನರ್ಸುಗಳು ಓಡಿ ಬಂದರು. ಡಾಕ್ಟರರು ಎರಡೆರಡು ಸಲ ನೋಡಿ, ಸ್ಯಾನಟೋರಿಯಂಗೆ ಬರೆದ ಪತ್ರವನ್ನು ಹರಿದು, ಬರೀ ಕೆಮ್ಮಿಗೆ ಔಷಧಿ ಬರೆದರು.

ವಿಷಯ ಹೇಳಿದಾಗ ಆಕೆ ಮಗುವಿನ ಹೊಟ್ಟೆಯಲ್ಲಿ ಮುಖ ಹುದುಗಿಸಿ ಅತ್ತಳು. ನನಗೂ ಅಳು ಬಂತು, ಖುಷಿಗೆ. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು:

"ಅಕ್ಕಾ, ನನ್ನ ಹಾಗೆ ಜಡೆ ಹಾಕ್ಕೊಂಡು ಬಂದು ಸ್ಯಾನಟೋರಿಯಂಗೆ ಹೋದವರು ಬೇರೆ ಎಷ್ಟು ಜನ ಇದ್ದಾರೆ?"

ಡಾಕ್ಟರರು ಒಳಗೆ ಹೋಗಿ, ಹಳೆಯ ಫಿಲ್ಮುಗಳ ಕಪಾಟಿನ ಬೀಗದ ಕೈ ತಂದು ನನ್ನ ಕೈಯಲ್ಲಿಟ್ಟರು.